ಮೊದಲು ರೇಡಿಯೇಟರ್, ಬಣ್ಣ ಆಮೇಲೆ: ಮೊದಲ ವಾಟರ್ ಕೂಲ್ಡ್ ಗೇಮಿಂಗ್ ಕಂಪ್ಯೂಟರಿಗೆ ಬಿಡಿಭಾಗಗಳ ಆಯ್ಕೆ

ವಾಟರ್ ಕೂಲಿಂಗ್ ಇರುವ ಗೇಮಿಂಗ್ ಕಂಪ್ಯೂಟರನ್ನು ಮೊದಲ ಬಾರಿಗೆ ಜೋಡಿಸಲು ಹೊರಟವರು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ವಸ್ತುಗಳಿಂದಲೇ ಖರೀದಿ ಆರಂಭಿಸುತ್ತಾರೆ. ಪಾರದರ್ಶಕ ಟ್ಯೂಬು, ಅದರೊಳಗಿನ ಬಣ್ಣದ ದ್ರವ, ಚಿಪ್ಪಿನ ಮೇಲೆ ಕೂತು ಅದರ ಶಾಖವನ್ನು ನೀರಿಗೆ ದಾಟಿಸುವ, ದೀಪ ಬೆಳಗುವ ವಾಟರ್ ಬ್ಲಾಕು ಇವುಗಳನ್ನು ಮೊದಲು ಆರಿಸಿ, ಉಳಿದ ಹಣದಲ್ಲಿ, ಉಳಿದ ಜಾಗದಲ್ಲಿ ಹಿಡಿಸುವಷ್ಟು ರೇಡಿಯೇಟರ್ ತರುತ್ತಾರೆ. ಈ ಕ್ರಮ ತಲೆಕೆಳಗಾದದ್ದು. ಕಂಪ್ಯೂಟರ್ ಎಷ್ಟು ತಣ್ಣಗಿರುತ್ತದೆ, ಎಷ್ಟು ಸದ್ದಿಲ್ಲದೆ ನಡೆಯುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಫ್ಯಾನುಗಳ ಹಿಂದೆ ಮರೆಯಾಗಿ ಕೂರುವ ರೇಡಿಯೇಟರ್. ಆದ್ದರಿಂದ ಮೊದಲು ಶಾಖದ ಲೆಕ್ಕ, ಅದಕ್ಕೆ ತಕ್ಕ ರೇಡಿಯೇಟರ್, ಆ ರೇಡಿಯೇಟರಿಗೆ ಜಾಗವಿರುವ ಕ್ಯಾಬಿನೆಟ್, ಅನಂತರ ಉಳಿದದ್ದು ಎಂಬ ಅನುಕ್ರಮದಲ್ಲಿ ಆರಿಸುವುದು ಒಳ್ಳೆಯದು. ಇದರ ಕಾರಣ ತಿಳಿಯಬೇಕಾದರೆ ಈ ವ್ಯವಸ್ಥೆಯಲ್ಲಿ ನೀರು ಮಾಡುವ ಕೆಲಸವೇನು ಎಂಬುದನ್ನು ಅರಿತುಕೊಳ್ಳಬೇಕು.

ನೀರು ಇಲ್ಲಿ ಹೊರೆ ಸಾಗಿಸುವ ಹಮಾಲಿ. ಚಿಪ್ಪಿನ ಬಳಿ ಹುಟ್ಟಿದ ಶಾಖವನ್ನು ಹೊತ್ತು ತಂದು ರೇಡಿಯೇಟರಿನಲ್ಲಿ ಇಳಿಸುತ್ತದೆ. ಅಲ್ಲಿಂದ ಅದನ್ನು ಕೊಂಡೊಯ್ಯುವುದು ಫ್ಯಾನಿನ ಗಾಳಿ. ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.18 ಜೌಲ್ ಶಕ್ತಿ ಬೇಕು. ನಿಮಿಷಕ್ಕೆ ಒಂದು ಲೀಟರಿನಂತೆ ನೀರು ಹರಿಯುತ್ತಿದ್ದರೆ, ಆ ಹರಿವಿಗೆ 70 ವಾಟಿನಷ್ಟು ಶಾಖ ಸೇರಿದಾಗ ಅದು ಒಂದೇ ಒಂದು ಡಿಗ್ರಿ ಬಿಸಿಯಾಗುತ್ತದೆ. ಹರಿವು ನಾಲ್ಕು ಲೀಟರ್ ಇದ್ದರೆ, 500 ವಾಟ್ ಶಾಖವನ್ನು ತುಂಬಿದರೂ ನೀರು ಸುತ್ತುವ ದಾರಿಯ, ಅಂದರೆ ಲೂಪಿನ, ಅತ್ಯಂತ ತಣ್ಣನೆಯ ಜಾಗಕ್ಕೂ ಅತ್ಯಂತ ಬಿಸಿಯಾದ ಜಾಗಕ್ಕೂ ಇರುವ ಅಂತರ ಎರಡು ಡಿಗ್ರಿಯನ್ನು ಮುಟ್ಟುವುದಿಲ್ಲ. ನೀರು ಮೊದಲು ಪ್ರೊಸೆಸರಿಗೆ ಹೋಗಬೇಕೇ, ಗ್ರಾಫಿಕ್ಸ್ ಕಾರ್ಡಿಗೆ ಹೋಗಬೇಕೇ, ನಡುವೆ ಒಂದು ರೇಡಿಯೇಟರ್ ಇರಬೇಕೇ ಎಂದು ಹೊಸಬರು ದಿನಗಟ್ಟಲೆ ಚಿಂತಿಸುವುದಕ್ಕೆ ಈ ಲೆಕ್ಕವೇ ಉತ್ತರ. ಟ್ಯೂಬು ಚಿಕ್ಕದಾಗಿ, ನೇರವಾಗಿ ಸಾಗುವ ಕ್ರಮ ಯಾವುದೋ ಅದನ್ನೇ ಆರಿಸಿಕೊಳ್ಳಬಹುದು.

ಆಟ ಆರಂಭವಾದ ಮೇಲೆ ಇಡೀ ಲೂಪಿನ ನೀರು ನಿಧಾನವಾಗಿ ಬಿಸಿಯಾಗುತ್ತ ಹೋಗಿ, ರೇಡಿಯೇಟರ್ ಹೊರಹಾಕುವ ಶಾಖವು ಚಿಪ್ಪುಗಳಿಂದ ಬರುವ ಶಾಖಕ್ಕೆ ಸಮವಾದ ಕಡೆ ನಿಲ್ಲುತ್ತದೆ. ಸಾಮಾನ್ಯವಾಗಿ ಇದಕ್ಕೆ ಹದಿನೈದು ನಿಮಿಷದಿಂದ ಅರ್ಧ ಗಂಟೆ ಬೇಕು. ರೇಡಿಯೇಟರ್ ದೊಡ್ಡದಾದಷ್ಟೂ ಈ ಸಮತೋಲನದ ಬಿಂದು ಕೋಣೆಯ ಉಷ್ಣತೆಗೆ ಹತ್ತಿರವಾಗುತ್ತದೆ, ಆದರೆ ಎಷ್ಟೇ ದೊಡ್ಡದಾದರೂ ಅದಕ್ಕಿಂತ ಕೆಳಗಿಳಿಯುವುದಿಲ್ಲ. ಕೋಣೆಯ ಉಷ್ಣತೆಗಿಂತ ನೀರು ಹತ್ತು ಡಿಗ್ರಿ ಮಾತ್ರ ಹೆಚ್ಚಿದ್ದರೆ ಅದು ಬಹಳ ಒಳ್ಳೆಯ ಲೂಪ್. ಹದಿನೈದು ಡಿಗ್ರಿಯಾದರೂ ಚಿಂತೆಯಿಲ್ಲ.

ಇನ್ನು ಶಾಖದ ಲೆಕ್ಕ. ಇಂಟೆಲ್ ಕೋರ್ ಐ9-14900ಕೆ ಪ್ರೊಸೆಸರಿನ ಮೂಲ ವಿದ್ಯುತ್ ಮಿತಿ 125 ವಾಟ್, ವೇಗ ಹೆಚ್ಚಿಸಿಕೊಂಡಾಗಿನ ಗರಿಷ್ಠ ಟರ್ಬೊ ಮಿತಿ 253 ವಾಟ್. ಎಎಮ್‌ಡಿ ರೈಜನ್ 7 7800ಎಕ್ಸ್3ಡಿಗೆ 120 ವಾಟ್ ಎಂದು ನಮೂದಿಸಿದ್ದರೂ ಆಟಗಳಲ್ಲಿ ಅದು ಬಳಸುವುದು ಇದಕ್ಕಿಂತ ಎಷ್ಟೋ ಕಡಿಮೆ. ಗ್ರಾಫಿಕ್ಸ್ ಕಾರ್ಡುಗಳ ಕಡೆ ನೋಡಿದರೆ ಎನ್‌ವಿಡಿಯಾ ಆರ್‌ಟಿಎಕ್ಸ್ 4080ಕ್ಕೆ 320 ವಾಟ್, 4090ಕ್ಕೆ 450 ವಾಟ್, 5090ಕ್ಕೆ 575 ವಾಟ್. ಆಟ ಆಡುವಾಗ ಪ್ರೊಸೆಸರ್ ತನ್ನ ಮಿತಿಯನ್ನು ಮುಟ್ಟುವುದು ಅಪರೂಪ, ಗ್ರಾಫಿಕ್ಸ್ ಕಾರ್ಡು ಮಾತ್ರ ಗಂಟೆಗಟ್ಟಲೆ ಮಿತಿಯ ಹತ್ತಿರವೇ ಇರುತ್ತದೆ. ಅಂದರೆ ಗೇಮಿಂಗ್ ಕಂಪ್ಯೂಟರಿನ ಒಲೆ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ರೈಜನ್ 7000 ಸರಣಿಯಲ್ಲಿ ಲೆಕ್ಕ ಮಾಡುವ ಕೋರುಗಳಿರುವ ಸಿಲಿಕಾನ್ ತುಣುಕಿನ ವಿಸ್ತೀರ್ಣ ಸುಮಾರು 70 ಚದರ ಮಿಲಿಮೀಟರ್, ಅಂದರೆ ಹೆಬ್ಬೆರಳಿನ ಉಗುರಿಗಿಂತಲೂ ಚಿಕ್ಕದು. ಅದರ ಮೇಲೆ ದಪ್ಪನೆಯ ಲೋಹದ ಮುಚ್ಚಳ ಬೇರೆ ಇದೆ. ಅಷ್ಟು ಕಿರಿದಾದ ಜಾಗದಲ್ಲಿ ಹುಟ್ಟಿದ ಶಾಖ ಮುಚ್ಚಳವನ್ನೂ ಅದರ ಮೇಲೆ ಬಳಿಯುವ ಥರ್ಮಲ್ ಪೇಸ್ಟನ್ನೂ ದಾಟಿ ಬ್ಲಾಕಿಗೆ ಬರುವ ದಾರಿಯಲ್ಲೇ ದೊಡ್ಡ ತಡೆ ಎದುರಾಗುವುದರಿಂದ, ಆಚೆಗಿನ ನೀರು ಎಷ್ಟು ತಣ್ಣಗಿದ್ದರೂ ಚಿಪ್ಪಿನ ಉಷ್ಣತೆ ನಾವು ಬಯಸಿದಷ್ಟು ಇಳಿಯುವುದಿಲ್ಲ. ಆರ್‌ಟಿಎಕ್ಸ್ 4090ರ ಚಿಪ್ಪಾದರೋ 600 ಚದರ ಮಿಲಿಮೀಟರಿಗೂ ಮೀರಿದ್ದು, ಮುಚ್ಚಳವಿಲ್ಲದೆ ನೇರವಾಗಿ ಬ್ಲಾಕಿಗೆ ತಾಗುತ್ತದೆ. ಆದ್ದರಿಂದ ವಾಟರ್ ಕೂಲಿಂಗಿನ ಲಾಭ ಅತಿ ಹೆಚ್ಚಾಗಿ ಕಾಣುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ದುಬಾರಿ ಲೂಪ್ ಕಟ್ಟಿ ಪ್ರೊಸೆಸರಿನ ಅಂಕಿ ಮಾತ್ರ ನೋಡಿ ನಿರಾಶರಾಗುವವರು ಈ ಮಾತನ್ನು ಮುಂಚೆಯೇ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸುತ್ತದೆ.

ಇಲ್ಲಿಗೆ ಮೊದಲ ತೀರ್ಮಾನ ಸಿದ್ಧವಾಗುತ್ತದೆ. ಪ್ರೊಸೆಸರ್ ಒಂದನ್ನೇ ತಂಪಾಗಿಡಬೇಕಾದರೆ ಕಾರ್ಖಾನೆಯಲ್ಲೇ ದ್ರವ ತುಂಬಿ ಮುಚ್ಚಿದ, ಎಐಒ ಎಂದು ಕರೆಯುವ ಘಟಕ ಸಾಕು; ಅದಕ್ಕಾಗಿ ಪ್ರತ್ಯೇಕ ಭಾಗಗಳ ಕಸ್ಟಮ್ ಲೂಪ್ ಕಟ್ಟುವ ಅಗತ್ಯವಿಲ್ಲ. ಎಐಒ ಕೂರಿಸುವಾಗ ನೆನಪಿಡಬೇಕಾದದ್ದು ಒಂದೇ: ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ವರ್ಷಗಳು ಕಳೆದಂತೆ ಟ್ಯೂಬಿನ ಗೋಡೆಯ ಮೂಲಕ ದ್ರವ ಅತಿ ನಿಧಾನವಾಗಿ ಹೊರಸೂಸುವುದರಿಂದ ಆ ಗಾಳಿ ಹೆಚ್ಚುತ್ತಲೂ ಹೋಗುತ್ತದೆ, ಗಾಳಿ ಯಾವಾಗಲೂ ಮೇಲಕ್ಕೇರುತ್ತದೆ. ಆದ್ದರಿಂದ ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಬೇಕು. ಗ್ರಾಫಿಕ್ಸ್ ಕಾರ್ಡನ್ನೂ ನೀರಿಗೆ ಸೇರಿಸುವ ಆಸೆಯಿದ್ದಾಗ ಕಸ್ಟಮ್ ಲೂಪಿಗೆ ಅರ್ಥ ಬರುತ್ತದೆ. ಮುಂದಿನದೆಲ್ಲ ಅದನ್ನು ಕುರಿತದ್ದು.

ರೇಡಿಯೇಟರುಗಳನ್ನು ಅವುಗಳ ಮೇಲೆ ಕೂರುವ ಫ್ಯಾನಿನ ಅಳತೆಯಿಂದ ಹೆಸರಿಸುತ್ತಾರೆ. 120 ಮಿ.ಮೀ. ಫ್ಯಾನು ಎರಡಾದರೆ 240, ಮೂರಾದರೆ 360, 140 ಮಿ.ಮೀ. ಫ್ಯಾನಾದರೆ 280 ಮತ್ತು 420. ಹೆಸರಿನ ಅಂಕಿಗಿಂತ ಫ್ಯಾನುಗಳು ಆವರಿಸುವ ವಿಸ್ತೀರ್ಣ ಮುಖ್ಯ. 360ಕ್ಕೆ 43,200 ಚದರ ಮಿ.ಮೀ. ಇದ್ದರೆ 280ಕ್ಕೆ 39,200 ಇದೆ, 240ಕ್ಕೆ 28,800 ಮಾತ್ರ. ಅಂದರೆ 280 ಎಂಬುದು ಹೆಸರಿನಲ್ಲಿ 240ಕ್ಕೆ ಹತ್ತಿರವಾದರೂ ಕೆಲಸದಲ್ಲಿ 360ರ ಪಕ್ಕದ್ದು. ಫ್ಯಾನುಗಳು ಮಧ್ಯಮ ವೇಗದಲ್ಲಿ ಸದ್ದಿಲ್ಲದೆ ತಿರುಗುತ್ತಿದ್ದು, ನೀರು ಕೋಣೆಗಿಂತ ಸುಮಾರು ಹತ್ತು ಡಿಗ್ರಿ ಬಿಸಿ ಇರುವಾಗ 120 ಮಿ.ಮೀ. ವಿಭಾಗವೊಂದು ಸುಮಾರು 100 ವಾಟ್ ಶಾಖವನ್ನು ಹೊರಹಾಕುತ್ತದೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಒರಟು ಲೆಕ್ಕ. ಇದರ ಪ್ರಕಾರ 320 ವಾಟಿನ ಕಾರ್ಡು, ಆಟದಲ್ಲಿ 80 ವಾಟಿನ ಆಸುಪಾಸು ಬಳಸುವ ಪ್ರೊಸೆಸರ್ ಸೇರಿ 400 ವಾಟಾದರೆ ನಾಲ್ಕು ವಿಭಾಗ ಬೇಕು. ಒಂದು 360, ಒಂದು 240 ಸೇರಿಸಿ ಐದು ವಿಭಾಗ ಇಟ್ಟುಕೊಂಡರೆ ಫ್ಯಾನುಗಳನ್ನು ಇನ್ನಷ್ಟು ನಿಧಾನವಾಗಿ ತಿರುಗಿಸಬಹುದು. ಒಂದೇ 360ರಲ್ಲೂ ಈ ಕಂಪ್ಯೂಟರ್ ಕೆಟ್ಟುಹೋಗುವುದಿಲ್ಲ. ಫ್ಯಾನುಗಳು ಜೋರಾಗಿ ಸದ್ದು ಮಾಡುತ್ತವೆ, ಅಥವಾ ನೀರು ಹೆಚ್ಚು ಬಿಸಿಯಾಗುತ್ತದೆ. ಆದರೆ ಇಷ್ಟು ಶ್ರಮಪಟ್ಟು ನೀರಿನ ಮೊರೆ ಹೋಗುವುದೇ ನಿಶ್ಶಬ್ದಕ್ಕಾಗಿ ಎಂದಾದಾಗ, ಜೋರು ಫ್ಯಾನಿನ ಲೂಪ್ ಕಟ್ಟುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ದಪ್ಪದ ವಿಷಯದಲ್ಲಿ 30, 45, 60 ಮಿ.ಮೀ. ಎಂಬ ಆಯ್ಕೆಗಳು ಸಿಗುತ್ತವೆ. ದಪ್ಪ ಇಮ್ಮಡಿಯಾದರೆ ಸಾಮರ್ಥ್ಯ ಇಮ್ಮಡಿಯಾಗುವುದಿಲ್ಲ, ಏಕೆಂದರೆ ಮುಂಭಾಗವನ್ನು ದಾಟುವಾಗಲೇ ಗಾಳಿ ಬೆಚ್ಚಗಾಗಿ ಹಿಂಭಾಗಕ್ಕೆ ಬರುವಷ್ಟರಲ್ಲಿ ಅದರ ಶಾಖ ಹೀರುವ ಶಕ್ತಿ ಕುಂದಿರುತ್ತದೆ. ತೆಳು ರೇಡಿಯೇಟರ್ ಎರಡಿದ್ದರೆ ದಪ್ಪನೆಯದು ಒಂದಿರುವುದಕ್ಕಿಂತ ಮೇಲು. ರೆಕ್ಕೆಗಳು, ಅಂದರೆ ಫಿನ್ನುಗಳು, ಒತ್ತೊತ್ತಾಗಿರುವ ರೇಡಿಯೇಟರಿನ ಮೂಲಕ ಗಾಳಿ ನುಗ್ಗಿಸಲು ವೇಗದ ಫ್ಯಾನು ಬೇಕು, ವಿರಳವಾಗಿದ್ದರೆ ನಿಧಾನದ ಫ್ಯಾನು ಸಾಕು. ಫ್ಯಾನು ಆರಿಸುವಾಗಲೂ ಖಾಲಿ ಜಾಗದಲ್ಲಿ ಎಷ್ಟು ಗಾಳಿ ತಳ್ಳುತ್ತದೆ ಎಂಬ ಅಂಕಿಯೊಂದನ್ನೇ ನೋಡದೆ, ತಡೆಯ ಎದುರು ಎಷ್ಟು ಒತ್ತಡ ಉಂಟುಮಾಡುತ್ತದೆ ಎಂಬ ಸ್ಟ್ಯಾಟಿಕ್ ಪ್ರೆಶರ್ ಅಂಕಿಯನ್ನು ನೋಡಬೇಕು.

ಕ್ಯಾಬಿನೆಟ್ಟಿನ ವಿಷಯದಲ್ಲಿ ಒಂದು ಅನುಭವವನ್ನು ಹೇಳಬೇಕು. ನಾನು ಮೊದಲ ಲೂಪಿಗೆ ಆರಿಸಿದ ಕ್ಯಾಬಿನೆಟ್ಟಿನ ವಿವರಣೆಯಲ್ಲಿ ಮೇಲ್ಭಾಗಕ್ಕೆ 360 ರೇಡಿಯೇಟರ್ ಹಿಡಿಸುತ್ತದೆ ಎಂದಿತ್ತು, ಅದು ನಿಜವೂ ಆಗಿತ್ತು. ಆದರೆ ನಾನು ತಂದದ್ದು 45 ಮಿ.ಮೀ. ದಪ್ಪದ್ದು, ಅದರ ಕೆಳಗೆ 25 ಮಿ.ಮೀ. ಫ್ಯಾನು ಸೇರಿ 70 ಮಿ.ಮೀ. ಆಯಿತು. ಫ್ಯಾನಿನ ಅಂಚು ಮದರ್‌ಬೋರ್ಡಿನ ಮೇಲ್ತುದಿಯಲ್ಲಿರುವ ಹೀಟ್‌ಸಿಂಕಿಗೆ ತಾಗಿ ನಿಂತಿತು, ಸ್ಕ್ರೂ ತೂತುಗಳು ಒಂದಕ್ಕೊಂದು ಕೂಡಲೇ ಇಲ್ಲ. ಕೊನೆಗೆ 30 ಮಿ.ಮೀ. ರೇಡಿಯೇಟರ್ ಬೇರೆ ತರಬೇಕಾಯಿತು. ಅಂದಿನಿಂದ ನಾನು ಕ್ಯಾಬಿನೆಟ್ಟಿನ ಛಾವಣಿಯಿಂದ ಮದರ್‌ಬೋರ್ಡಿನ ಅಂಚಿನವರೆಗಿನ ಅಳತೆ, ಮೆಮೊರಿ ಪಟ್ಟಿಗಳ ಎತ್ತರ, ಮುಂಭಾಗದ ರೇಡಿಯೇಟರಿಗೂ ಗ್ರಾಫಿಕ್ಸ್ ಕಾರ್ಡಿನ ತುದಿಗೂ ನಡುವಿನ ಅಂತರ, ಈ ಮೂರನ್ನೂ ಕಾಗದದ ಮೇಲೆ ಬರೆದುಕೊಳ್ಳದೆ ಯಾವುದನ್ನೂ ಕೊಳ್ಳುವುದಿಲ್ಲ. ರೇಡಿಯೇಟರಿನ ಎರಡು ತುದಿಗಳಲ್ಲಿರುವ ನೀರಿನ ತೊಟ್ಟಿಗಳು ಫ್ಯಾನುಗಳ ಉದ್ದಕ್ಕಿಂತ ಆಚೆಗೆ ಚಾಚಿಕೊಂಡಿರುತ್ತವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 360 ರೇಡಿಯೇಟರಿನ ನಿಜವಾದ ಉದ್ದ 390 ಮಿ.ಮೀ. ದಾಟುವುದು ಸಾಮಾನ್ಯ.

ಪಂಪುಗಳಲ್ಲಿ ಡಿ5 ಮತ್ತು ಡಿಡಿಸಿ ಎಂಬ ಎರಡು ವಿನ್ಯಾಸಗಳೇ ಬಹುಕಾಲದಿಂದ ಪ್ರಚಲಿತ. ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಮಾರಾಟವಾಗುವ ಬಹುಪಾಲು ಪಂಪುಗಳ ಒಳಗಿರುವುದು ಇವೆರಡರಲ್ಲಿ ಒಂದು. ಡಿಡಿಸಿ ಗಾತ್ರದಲ್ಲಿ ಚಿಕ್ಕದು, ನೀರನ್ನು ಹೆಚ್ಚು ಒತ್ತಡದಿಂದ ತಳ್ಳುತ್ತದೆ, ಆದರೆ ತಾನೇ ಬಿಸಿಯಾಗುತ್ತದೆ. ಡಿ5 ಸ್ವಲ್ಪ ದೊಡ್ಡದು, ಅದರ ಮೋಟಾರನ್ನು ಅದು ಹರಿಸುವ ದ್ರವವೇ ತಂಪಾಗಿಡುತ್ತದೆ, ಸದ್ದೂ ಕಡಿಮೆ. ಎರಡು ಬ್ಲಾಕು, ಎರಡು ರೇಡಿಯೇಟರಿನ ಲೂಪಿಗೆ ಯಾವುದಾದರೂ ಸಾಕು. ಮೊದಲ ಬಾರಿಗೆ ಡಿ5 ಆರಿಸಿರೆಂದು ನಾನು ಹೇಳುತ್ತೇನೆ. ಪೆಟ್ಟಿಗೆಯ ಮೇಲೆ ಗಂಟೆಗೆ 1,500 ಲೀಟರ್ ಎಂದು ಬರೆದಿದ್ದರೆ ಅದು ಯಾವ ತಡೆಯೂ ಇಲ್ಲದಿದ್ದಾಗಿನ ಅಂಕಿ. ಬ್ಲಾಕು, ರೇಡಿಯೇಟರುಗಳ ನಡುವೆ ನುಸುಳುವಾಗ ಅದರಲ್ಲಿ ಸಣ್ಣ ಪಾಲು ಮಾತ್ರ ಉಳಿಯುತ್ತದೆ, ನಮಗೆ ಬೇಕಾದದ್ದೂ ಅಷ್ಟೇ. ಪಂಪು ಮತ್ತು ದ್ರವ ತುಂಬುವ ತೊಟ್ಟಿ, ಅಂದರೆ ರಿಸರ್ವಾಯರ್, ಒಂದಾಗಿಯೇ ಬರುವ ಜೋಡಿಯನ್ನು ಕೊಂಡರೆ ಟ್ಯೂಬನ್ನು ಭಾಗಗಳಿಗೆ ಸೇರಿಸುವ ಎರಡು ಫಿಟ್ಟಿಂಗುಗಳೂ ಒಂದು ತಲೆನೋವೂ ತಪ್ಪುತ್ತವೆ. ರಿಸರ್ವಾಯರಿನ ನೀರು ತನ್ನ ತೂಕದಿಂದಲೇ ಪಂಪಿಗೆ ಇಳಿಯುವಂತಿರಬೇಕು, ಏಕೆಂದರೆ ಈ ಪಂಪುಗಳು ತಾವಾಗಿ ನೀರನ್ನು ಮೇಲಕ್ಕೆ ಹೀರಿಕೊಳ್ಳಲಾರವು, ನೀರಿಲ್ಲದೆ ತಿರುಗಿದರೆ ಬೇಗ ಹಾಳಾಗುತ್ತವೆ.

ವಾಟರ್ ಬ್ಲಾಕಿನ ತಳದಲ್ಲಿ ತಾಮ್ರವನ್ನು ಕೂದಲೆಳೆಯ ಸಾಲುಗಳಂತೆ ಕೊರೆದಿರುತ್ತಾರೆ. ಆ ಸಾಲುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತ ಕಿರಿದು. ಪ್ರೊಸೆಸರ್ ಬ್ಲಾಕಿಗೆ, ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಹೊಂದಿದರೆ ಸಾಕು: ಇಂಟೆಲಿನ ಎಲ್‌ಜಿಎ1700, ಎಲ್‌ಜಿಎ1851 ಅಥವಾ ಎಎಮ್‌ಡಿಯ ಎಎಮ್4, ಎಎಮ್5. ಒಳ್ಳೆಯ ಬ್ಲಾಕುಗಳ ನಡುವಿನ ವ್ಯತ್ಯಾಸ ಕೆಲವೇ ಡಿಗ್ರಿಗಳದ್ದು. ಗ್ರಾಫಿಕ್ಸ್ ಕಾರ್ಡಿನ ಬ್ಲಾಕಿನಲ್ಲಿ ಮಾತ್ರ ಎಚ್ಚರ ತಪ್ಪಬಾರದು. ಅದು ಚಿಪ್ಪನ್ನಲ್ಲದೆ ಮೆಮೊರಿ ಮತ್ತು ವಿದ್ಯುತ್ ಭಾಗಗಳನ್ನೂ ಮುಚ್ಚುವುದರಿಂದ ಆ ಕಾರ್ಡಿನ ಸರ್ಕ್ಯೂಟ್ ಬೋರ್ಡಿನ ವಿನ್ಯಾಸಕ್ಕೆ ಅದು ಪೂರ್ತಿ ಹೊಂದಬೇಕು. ಒಂದೇ ಹೆಸರಿನ ಚಿಪ್ಪಿರುವ ಎರಡು ಕಾರ್ಡುಗಳ ಬೋರ್ಡು ಬೇರೆಬೇರೆಯಾಗಿರಬಹುದು, ಅದೇ ಕಂಪನಿಯ ಎರಡು ಮಾದರಿಗಳಲ್ಲೂ ಹೀಗಾಗಬಹುದು. ಆದ್ದರಿಂದ ಕಾರ್ಡನ್ನು ಕೊಳ್ಳುವ ಮೊದಲೇ ಅದರ ಪೂರ್ಣ ಮಾದರಿಗೆ ಬ್ಲಾಕು ಇದೆಯೇ ಎಂದು ಬ್ಲಾಕಿನ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ನೋಡಬೇಕು; ಮೂಲ ಕೂಲರನ್ನು ಬಿಚ್ಚಿದರೆ ವಾರಂಟಿ ಏನಾಗುತ್ತದೆ ಎಂಬುದನ್ನೂ ಓದಿಕೊಳ್ಳಬೇಕು.

ಲೋಹಗಳ ವಿಷಯವನ್ನು ನಾನು ಒತ್ತಿ ಹೇಳಬಯಸುತ್ತೇನೆ. ತಾಮ್ರ, ಹಿತ್ತಾಳೆ, ನಿಕಲ್ ಲೇಪನ ಇವು ಒಂದೇ ಲೂಪಿನಲ್ಲಿ ನೆಮ್ಮದಿಯಿಂದ ಬಾಳುತ್ತವೆ. ಅಲ್ಯುಮಿನಿಯಂ ಅವುಗಳ ಜೊತೆ ಸೇರಿದರೆ ನೀರಿನ ಮೂಲಕ ವಿದ್ಯುದ್ರಾಸಾಯನಿಕ ಕ್ರಿಯೆ ಆರಂಭವಾಗಿ, ಅಲ್ಯುಮಿನಿಯಂ ಸವೆದು ಅದರ ಪುಡಿ ಬ್ಲಾಕಿನ ಆ ಕಿರಿದಾದ ಸಂದುಗಳಲ್ಲಿ ಕಟ್ಟಿಕೊಳ್ಳುತ್ತದೆ. ಅಗ್ಗದ ರೇಡಿಯೇಟರುಗಳಲ್ಲಿ ಅಲ್ಯುಮಿನಿಯಂ ಇರುವುದು ಸಾಮಾನ್ಯ, ಹೊರಗೆ ಕಪ್ಪು ಬಣ್ಣ ಬಳಿದಿದ್ದರೆ ಕಣ್ಣಿಗೆ ಭೇದವೇ ತಿಳಿಯುವುದಿಲ್ಲ. ಹಳೆಯ ಎಐಒ ರೇಡಿಯೇಟರನ್ನು ಬಿಚ್ಚಿ ತಾಮ್ರದ ಲೂಪಿಗೆ ಜೋಡಿಸುವ ಯೋಚನೆಯನ್ನು ಇದೇ ಕಾರಣಕ್ಕೆ ಬಿಡಬೇಕು. ಅವುಗಳಲ್ಲಿ ಹೆಚ್ಚಿನವು ಅಲ್ಯುಮಿನಿಯಮ್ಮಿನವು, ಮುಚ್ಚಿದ ಘಟಕದೊಳಗೆ ತುಕ್ಕುನಿರೋಧಕ ಬೆರೆತ ದ್ರವದ ನಡುವೆ ಬಾಳಲು ತಯಾರಾದಂಥವು.

ಫಿಟ್ಟಿಂಗುಗಳಿಗೆ ಎಷ್ಟು ಖರ್ಚಾಗುತ್ತದೆ ಎಂಬುದು ಹೊಸಬರ ಅಂದಾಜಿಗೆ ಸಿಗುವುದಿಲ್ಲ. ಎಣಿಸಿ ನೋಡಿ: ಎರಡು ಬ್ಲಾಕು, ಎರಡು ರೇಡಿಯೇಟರು, ಒಂದು ಪಂಪ್ ಜೋಡಿ, ಪ್ರತಿಯೊಂದಕ್ಕೂ ಒಳಬಾಯಿ ಹೊರಬಾಯಿ ಎಂದು ಎರಡೆರಡು, ಒಟ್ಟು ಹತ್ತು. ತಿರುವುಗಳಿಗೆ ಕೋನದ ಫಿಟ್ಟಿಂಗುಗಳು, ನೀರು ಖಾಲಿ ಮಾಡಲು ಒಂದು ವಾಲ್ವ್, ಅದಕ್ಕೆ ಕವಲು ಬೇರೆ. ಎಲ್ಲದರ ತಿರುಪಿನ ಅಳತೆ ಜಿ 1/4 ಎಂಬ ಒಂದೇ ಮಾನದಂಡದ್ದಾದ್ದರಿಂದ ಬೇರೆ ಬೇರೆ ಕಂಪನಿಯವು ಪರಸ್ಪರ ಹೊಂದುತ್ತವೆ, ಟ್ಯೂಬಿನ ಕಡೆಯ ಅಳತೆ ಮಾತ್ರ ಕರಾರುವಾಕ್ಕಾಗಿ ಹೊಂದಿರಬೇಕು. ಮೆದು ಟ್ಯೂಬಿನಲ್ಲಿ 10/16 ಎಂದರೆ ಒಳವ್ಯಾಸ 10, ಹೊರವ್ಯಾಸ 16 ಮಿ.ಮೀ.; ಗೋಡೆ ದಪ್ಪವಿರುವುದರಿಂದ ಬಗ್ಗಿಸಿದಾಗ ಮಡಿಚಿಕೊಳ್ಳುವುದಿಲ್ಲ. ಮೊದಲ ಲೂಪಿಗೆ ನನ್ನ ಆಯ್ಕೆ ಇದೇ. ಗಡಸು ಟ್ಯೂಬು ನೋಡಲು ಚೆಂದ, ಆದರೆ ಪ್ರತಿ ತಿರುವನ್ನೂ ಹೀಟ್ ಗನ್ನಿನಿಂದ ಕಾಯಿಸಿ, ಒಳಗೆ ಸಿಲಿಕೋನ್ ಹಗ್ಗ ತೂರಿಸಿ ಬಗ್ಗಿಸಬೇಕು. ನಾಳೆ ಮೆಮೊರಿ ಪಟ್ಟಿಯೊಂದನ್ನು ಬದಲಿಸಬೇಕಾದರೂ ಅದು ಅಡ್ಡಬರಬಹುದು. ಮೆದು ಟ್ಯೂಬುಗಳಲ್ಲಿ ಪಾರದರ್ಶಕವಾದವು ಕಾಲಕ್ರಮೇಣ ಮಂಕಾಗುತ್ತವೆ, ಅವುಗಳಿಂದ ಮೃದುಕಾರಕ ಪದಾರ್ಥ ಒಸರಿ ಬ್ಲಾಕಿನಲ್ಲಿ ಅಂಟಿಕೊಳ್ಳುವುದೂ ಉಂಟು. ಇಪಿಡಿಎಮ್ ರಬ್ಬರಿನ ಕಪ್ಪು ಟ್ಯೂಬಿಗೆ ಈ ದೋಷವಿಲ್ಲ.

ಫಿಟ್ಟಿಂಗಿನ ಬುಡದಲ್ಲಿ ಕಪ್ಪು ರಬ್ಬರಿನ ಉಂಗುರವೊಂದಿರುತ್ತದೆ. ನೀರನ್ನು ತಡೆಯುವುದು ತಿರುಪು ಎಂದು ಅನೇಕರು ಭಾವಿಸುತ್ತಾರೆ. ತಡೆಯುವುದು ಈ ಓ-ರಿಂಗ್. ಬೆರಳಿನಿಂದ ತಿರುಗಿಸುತ್ತ ಹೋದಂತೆ ಒಂದು ಹಂತದಲ್ಲಿ ಉಂಗುರ ಒತ್ತಿಕೊಂಡು ತಿರುವು ಬಿಗಿಯಾದದ್ದು ಕೈಗೆ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಸ್ಪ್ಯಾನರ್ ಹಾಕಿ ಬಿಗಿದರೆ ಉಂಗುರ ಹಿಸುಕಿ ಹೊರಬರುತ್ತದೆ, ಬ್ಲಾಕಿನ ಅಕ್ರಿಲಿಕ್ ಬಿರುಕು ಬಿಡಲೂಬಹುದು. ಟ್ಯೂಬಿನ ತುದಿಯನ್ನು ಓರೆಯಾಗದಂತೆ ನೇರವಾಗಿ ಕತ್ತರಿಸಬೇಕು, ಅದಕ್ಕೆಂದೇ ಸಿಗುವ ಕಟ್ಟರ್ ಕೊಳ್ಳುವುದು ವ್ಯರ್ಥವಲ್ಲ.

ದ್ರವಕ್ಕೆ ನಲ್ಲಿಯ ನೀರಾಗಲಿ ಕುಡಿಯುವ ಬಾಟಲಿ ನೀರಾಗಲಿ ಸಲ್ಲದು, ಅವುಗಳಲ್ಲಿ ಕರಗಿರುವ ಖನಿಜ ಬ್ಲಾಕಿನಲ್ಲಿ ಕಟ್ಟಿಕೊಳ್ಳುತ್ತದೆ. ತುಕ್ಕುನಿರೋಧಕ ಮತ್ತು ಪಾಚಿನಿರೋಧಕ ಬೆರೆಸಿದ ಸಿದ್ಧ ಪಾರದರ್ಶಕ ಕೂಲಂಟ್, ಇಲ್ಲವೇ ಡಿಸ್ಟಿಲ್ಡ್ ವಾಟರಿಗೆ ಅದೇ ಸೇರ್ಪಡೆಗಳನ್ನು ಬೆರೆಸಿದ ಮಿಶ್ರಣ ಉತ್ತಮ. ಹಾಲಿನಂತೆ ಅಪಾರದರ್ಶಕವಾದ ಬಣ್ಣದ ದ್ರವಗಳಲ್ಲಿ ತೇಲುವ ಕಣಗಳಿದ್ದು ಅವು ಸಂದುಗಳಲ್ಲಿ ತಂಗುವುದರಿಂದ ಮೊದಲ ಲೂಪಿಗೆ ಅವು ಬೇಡ. ವಿದ್ಯುತ್ ಹರಿಸದ ದ್ರವ ಎಂಬ ಬರಹವನ್ನು ನಂಬಿ ಸೋರಿಕೆಯನ್ನು ಹಗುರವಾಗಿ ಕಾಣಬಾರದು, ಏಕೆಂದರೆ ಲೋಹಗಳ ಸಂಪರ್ಕದಲ್ಲಿ ಹರಿಯುತ್ತ ಹರಿಯುತ್ತ ಯಾವ ದ್ರವವೂ ವಿದ್ಯುತ್ ಹರಿಸುವ ಅಯಾನುಗಳನ್ನು ಸೇರಿಸಿಕೊಳ್ಳುತ್ತದೆ.

ನೀರಿನ ಉಷ್ಣತೆ ತೋರಿಸುವ ಸೆನ್ಸರ್ ಒಂದನ್ನು ಪಟ್ಟಿಗೆ ಸೇರಿಸಿ, ಅದನ್ನು ಜೋಡಿಸಲು ಎರಡು ಪಿನ್ನಿನ ಜಾಗವಿರುವ ಮದರ್‌ಬೋರ್ಡ್ ಆರಿಸಿ. ಪ್ರೊಸೆಸರಿನ ಉಷ್ಣತೆ ಕ್ಷಣಕ್ಷಣಕ್ಕೆ ಜಿಗಿಯುತ್ತದೆ. ಫ್ಯಾನುಗಳು ಅದನ್ನು ಹಿಂಬಾಲಿಸಿದರೆ ಒಮ್ಮೆ ಅಬ್ಬರಿಸಿ ಒಮ್ಮೆ ತಣ್ಣಗಾಗುತ್ತ ಕಿರಿಕಿರಿ ಮಾಡುತ್ತವೆ. ನೀರಿನ ಉಷ್ಣತೆ ನಿಧಾನವಾಗಿ ಬದಲಾಗುವುದರಿಂದ ಅದನ್ನು ಅನುಸರಿಸುವ ಫ್ಯಾನುಗಳ ಸದ್ದಿನ ಏರಿಳಿತ ಗಮನಕ್ಕೇ ಬರುವುದಿಲ್ಲ. ಇನ್ನೊಂದು ಮಾತು: ಗಾಳಿಯ ಕೂಲರಿನ ಫ್ಯಾನು ಮದರ್‌ಬೋರ್ಡಿನ ವಿದ್ಯುತ್ ಭಾಗಗಳ ಮೇಲೂ ಮೆಮೊರಿಯ ಮೇಲೂ ಸ್ವಲ್ಪ ಗಾಳಿ ಬೀಸುತ್ತಿತ್ತು. ಅದನ್ನು ತೆಗೆದ ಮೇಲೆ ಅವು ಬಿಸಿಯಾಗದಂತೆ ಕ್ಯಾಬಿನೆಟ್ಟಿನ ಹಿಂಭಾಗದ ಫ್ಯಾನನ್ನು ಉಳಿಸಿಕೊಳ್ಳಬೇಕು. ಪವರ್ ಸಪ್ಲೈ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಪಂಪು ಬಳಸುವುದು ಸುಮಾರು 20 ವಾಟ್.

ಭಾಗಗಳೆಲ್ಲ ಕೈಸೇರಿದ ಮೇಲೆ ಹೊಸ ರೇಡಿಯೇಟರುಗಳನ್ನು ಬಿಸಿ ಡಿಸ್ಟಿಲ್ಡ್ ವಾಟರಿನಿಂದ ಕುಲುಕಿ ತೊಳೆಯಬೇಕು, ಬೆಸುಗೆಯ ಶೇಷ ಒಳಗೆ ಉಳಿದಿರುತ್ತದೆ. ಜೋಡಿಸಿದ ಲೂಪಿಗೆ ದ್ರವ ತುಂಬುವಾಗ ಪಂಪಿಗೆ ಮಾತ್ರ ವಿದ್ಯುತ್ ಕೊಟ್ಟು, ಉಳಿದ ಯಾವ ಭಾಗಕ್ಕೂ ಕೊಡದೆ, ಪ್ರತಿ ಫಿಟ್ಟಿಂಗಿನ ಕೆಳಗೆ ಬಿಳಿ ಟಿಶ್ಯೂ ಕಾಗದವನ್ನಿಟ್ಟು ಕೆಲವು ಗಂಟೆ, ಸಾಧ್ಯವಾದರೆ ಇಡೀ ದಿನ, ನೀರು ಹರಿಯಲು ಬಿಡಬೇಕು. ಕಣ್ಣಿಗೆ ಕಾಣದ ಹನಿಯೂ ಕಾಗದದ ಮೇಲೆ ಕಲೆಯಾಗಿ ತೋರುತ್ತದೆ. ಮೊದಮೊದಲು ರಿಸರ್ವಾಯರಿನಲ್ಲಿ ಗುಳ್ಳೆಗಳು ಏಳುತ್ತಲೇ ಇರುತ್ತವೆ, ಪಂಪು ಗುರುಗುಟ್ಟುತ್ತದೆ. ಕ್ಯಾಬಿನೆಟ್ಟನ್ನು ಮೆಲ್ಲಗೆ ಹಿಂದಕ್ಕೂ ಪಕ್ಕಕ್ಕೂ ವಾಲಿಸಿದರೆ ರೇಡಿಯೇಟರಿನ ಮೂಲೆಗಳಲ್ಲಿ ಸಿಕ್ಕಿಕೊಂಡ ಗಾಳಿ ಬಿಡುಗಡೆಯಾಗಿ ದ್ರವದ ಮಟ್ಟ ಇಳಿಯುತ್ತದೆ. ಉಳಿದ ಗುಳ್ಳೆಗಳು ಹೋಗಲು ಒಂದು ವಾರವಾದರೂ ಬೇಕು, ಅಷ್ಟರವರೆಗೆ ಕೂಲಂಟಿನ ಬಾಟಲಿಯಲ್ಲಿ ಒಂದೆರಡು ಲೋಟದಷ್ಟು ಉಳಿಸಿಕೊಂಡು ಆಗಾಗ ತುಂಬುತ್ತಿರಬೇಕು.